ಸಂಕೋಲೆಯಲ್ಲಿದ್ದ ಚಂದನೆ

ವೈಶಾಲಿಯ ಅರಸ ಚೇಟಕನ ಕಿರಿಯ ಮಗಳು ಚಂದನೆ. ದಿಗಂಬರ ಪರಂಪರೆಯಂತೆ ಭಗವಾನ್ ಮಹಾವೀರರ ತಾಯಿ ತ್ರಿಶಲಾದೇವಿ ಅವಳ ಹಿರಿಯಕ್ಕ. ಉದ್ಯಾನದಲ್ಲಿ ವಿಹರಿಸುತ್ತಿದ್ದ ಅವಳನ್ನು ವಿದ್ಯಾಧರನೊಬ್ಬ ಅಪಹರಿಸಿ, ತನ್ನ ಹೆಂಡತಿಗೆ ಹೆದರಿ ಕಾಡಿನಲ್ಲಿ ಬಿಟ್ಟುಹೋದ. ಅಲ್ಲಿಂದ ಬೇಡರ ಕೈಗೆ, ಅವರ ಕೈಯಿಂದ ಕೌಶಾಂಬಿಯ ವೃಷಭಸೇನ ಶ್ರೇಷ್ಠಿಯ ಮನೆಗೆ ಸೇರಿದಳು. ಶ್ವೇತಾಂಬರ ಗ್ರಂಥಗಳಲ್ಲಿ ಅವಳು ಚಂಪಾನಗರದ ರಾಜಕುಮಾರಿ ವಸುಮತಿ. ಅಲ್ಲಿಯೂ ಬೆಲೆಗೆ ಮಾರಾಟವಾದವಳೇ.

ಶ್ರೇಷ್ಠಿ ಅವಳನ್ನು ಮಗಳಂತೆ ಕಂಡ. ಅವನ ಹೆಂಡತಿಗೆ ಮಾತ್ರ ಅವಳ ರೂಪವೇ ಶಂಕೆಗೆ ಕಾರಣವಾಯಿತು. ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ, ಕಾಲಿಗೆ ಸಂಕೋಲೆ ಬಿತ್ತು. ಮಣ್ಣಿನ ಪಾತ್ರೆಯಲ್ಲಿ ಹುಳಿಗಂಜಿ ಬೆರೆಸಿದ ಹಾರಕದ ಅನ್ನವೇ ಆಹಾರವಾಯಿತು.

ಪ್ರವಚನಗಳಲ್ಲಿ ಸಂಕೋಲೆ ಕಳಚಿದ ಅತಿಶಯವನ್ನೇ ವಿಸ್ತರಿಸುವುದು ರೂಢಿ. ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಅದೇ ಕೌಶಾಂಬಿಯ ರಾಣಿ ಮೃಗಾವತಿ ಚಂದನೆಯ ಒಡಹುಟ್ಟಿದ ಅಕ್ಕ. ಅರಮನೆ ಅದೇ ಊರಿನಲ್ಲಿತ್ತು. ತಂಗಿಯ ದೂರು ಅಲ್ಲಿಗೆ ತಲಪಲಿಲ್ಲ. ನೆರೆಹೊರೆಯವರು ಸಂಕೋಲೆಯ ಸದ್ದು ಕೇಳಿರಲಿಲ್ಲವೇ?

ಗೃಹಸ್ಥರ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನನೀರು ತಡೆಯುವುದು. ದನಕರುಗಳ ವಿಷಯದಲ್ಲಿ ಇವನ್ನು ನೆನೆಯುವ ನಾವು ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ ಮರೆಯುತ್ತೇವೆ. ಸೊಸೆಯ ಮೇಲೆ ಕೈಯೆತ್ತುವ ಮನೆಯಲ್ಲಿ ರಾತ್ರಿಭೋಜನ ತ್ಯಾಗ ಎಷ್ಟು ಕಟ್ಟುನಿಟ್ಟಾಗಿದ್ದರೇನು?

ಕೋಗಳಿಯ ಪ್ರಾಚೀನ ಬಸದಿಯಿರುವ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ನಮ್ಮ ಸೀಮೆಯಲ್ಲಿಯೂ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವ ಪದ್ಧತಿ ತಲೆಮಾರುಗಳ ಕಾಲ ನಡೆಯಿತು. 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯು, ಆಕೆಯ ಒಪ್ಪಿಗೆಯಿದ್ದರೂ ಅದು ಅಪರಾಧವೆಂದಿತು. ಮನೆಯೊಳಗಿನ ಹಿಂಸೆಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಆದಾಯದ ಮಿತಿಯಿಲ್ಲದೆ ಯಾವ ಮಹಿಳೆಯಾದರೂ ಉಚಿತವಾಗಿ ವಕೀಲರ ನೆರವು ಪಡೆಯಬಹುದು. 181 ಸಹಾಯವಾಣಿಗೆ ಕರೆ ಮಾಡಬಹುದು. ಆದರೂ ಹಳ್ಳಿಯಿಂದ ನ್ಯಾಯಾಲಯದ ಮೆಟ್ಟಿಲವರೆಗೆ ಜೊತೆಯಲ್ಲಿ ನಡೆಯುವವರೊಬ್ಬರು ಬೇಕಾಗುತ್ತದೆ.

ಭಗವಾನರು ಆಹಾರಕ್ಕಾಗಿ ಕೌಶಾಂಬಿಗೆ ಬಂದ ದಿನ ಚಂದನೆ ಎದುರುಗೊಳ್ಳಲು ಎದ್ದಳು. ಸಂಕೋಲೆ ಕಳಚಿತು, ಹಾರಕದ ಅನ್ನ ಶಾಲ್ಯನ್ನವಾಯಿತು ಎನ್ನುತ್ತದೆ ಪುರಾಣ. ಅವಳ ಮೇಲೆ ಹೊರಿಸಿದ್ದ ಕಳಂಕವನ್ನು ಭಗವಾನರು ಲೆಕ್ಕಿಸಲಿಲ್ಲ. ಊರಿನ ಸಿರಿವಂತರ ಬಾಗಿಲುಗಳಿರಲು, ಬಂಧನದಲ್ಲಿದ್ದವಳ ಕೈಯಿಂದ ಆಹಾರ ಸ್ವೀಕರಿಸಿದರು. ಸುದ್ದಿ ಕೇಳಿ ಬಂದ ಮೃಗಾವತಿ ಆಗಷ್ಟೇ ತಂಗಿಯನ್ನು ಗುರುತಿಸಿದಳು.

ಚಂದನೆ ಅರಮನೆಯ ಸುಖವನ್ನು ಬಯಸಲಿಲ್ಲ. ಮುಂದೆ ಭಗವಾನರ ಸಂಘದಲ್ಲಿ ದೀಕ್ಷೆ ಪಡೆದು ಗಣಿನಿಯಾದರು. ಆ ಸಂಘದಲ್ಲಿ ಮುನಿಗಳು 14,000, ಆರ್ಯಿಕೆಯರು 36,000. ಅಷ್ಟೂ ಆರ್ಯಿಕೆಯರ ಹೊಣೆ ಚಂದನಾ ಮಾತೆಯವರದಾಗಿತ್ತು.