ರತ್ನಾಕರವರ್ಣಿಯ ವಿನೋದ

ತುಳುನಾಡಿನ ಮೂಡಬಿದಿರೆಯು ಹದಿನೆಂಟು ಬಸದಿಗಳಿಂದ ಶೋಭಿಸುವ ಪುಣ್ಯಕ್ಷೇತ್ರವು. 1430ರಲ್ಲಿ ನಿರ್ಮಿತವಾದ ಸಾವಿರ ಕಂಬದ ಬಸದಿಯು ಅಲ್ಲಿಯದೇ. ಅಂತಹ ಗಂಭೀರ ಪರಿಸರದಲ್ಲಿ 16ನೆಯ ಶತಮಾನದಲ್ಲಿ ಬಾಳಿದ ರತ್ನಾಕರನು ಸೂರ್ಯವಂಶದ ದೇವರಾಜನ ಮಗನು. ವರ್ಣಿಯೆಂದರೆ ಬ್ರಹ್ಮಚಾರಿ. ಈ ಬ್ರಹ್ಮಚಾರಿಯೇ ಕನ್ನಡದಲ್ಲಿ ಅತಿ ಸರಸವಾದ ದಾಂಪತ್ಯವನ್ನು ಚಿತ್ರಿಸಿದನೆಂಬುದು ಒಂದು ವಿನೋದವೇ ಸರಿ!

ಆತನ ತ್ರಿಲೋಕಶತಕವು 1557ರದು. ಆದರೆ ಆತನನ್ನು ಚಿರಂಜೀವಿಯನ್ನಾಗಿ ಮಾಡಿದುದು ಎಂಬತ್ತು ಸಂಧಿಗಳ, ಸುಮಾರು 10,000 ಸಾಂಗತ್ಯಪದ್ಯಗಳ ಭರತೇಶವೈಭವವು. ಆದಿತೀರ್ಥಂಕರನ ಹಿರಿಯ ಮಗನಾದ ಭರತಚಕ್ರವರ್ತಿಯೇ ಅದರ ನಾಯಕನು. ಈ ಭರತನು ಅರಸಿಯರೊಡನೆ ಉಂಡು, ನಕ್ಕು, ಅವರನ್ನು ಕೆಣಕಿ, ಕ್ಷಣಮಾತ್ರದಲ್ಲಿ ಕಣ್ಮುಚ್ಚಿ ಆತ್ಮಧ್ಯಾನದಲ್ಲಿ ಮುಳುಗಬಲ್ಲನು. ನಗೆಯು ಯೋಗಕ್ಕೆ ಅಡ್ಡಿಯೆಂದು ಕವಿಯು ಬಗೆಯಲೇ ಇಲ್ಲ.

ಇದಕ್ಕೆ ಕಟಕವಿನೋದಸಂಧಿಯು ಸಾಕ್ಷಿ. ದಿಗ್ವಿಜಯವು ಮುಗಿದಿದೆ, ತಮ್ಮನಾದ ಬಾಹುಬಲಿಯೊಡನೆ ಕದನವು ಸನ್ನಿಹಿತವಾಗಿದೆ. ಬಾಹುಬಲಿಯ ಮೈಬಲವೇ ಹೆಚ್ಚೆಂದು ಪಾಳೆಯದಲ್ಲಿ ಪಿಸುಮಾತು ಹಬ್ಬುತ್ತದೆ. ಅದನ್ನು ತಿಳಿದ ಚಕ್ರವರ್ತಿಯು ಯಾರನ್ನೂ ಗದರಿಸುವುದಿಲ್ಲ. ತನ್ನ ಕಿರುಬೆರಳು ಸೆಟೆದು ಡೊಂಕಾಯಿತೆಂದು ನಟಿಸುತ್ತಾನೆ. ವೈದ್ಯರ ಉಪಾಯಗಳು ಸಾಗದಿರಲು ಬೆರಳಿಗೆ ಸರಪಣಿ ಕಟ್ಟಿಸಿ ಸೇನೆಯನ್ನೇ ಎಳೆಯಹೇಳುತ್ತಾನೆ. ಬೆರಳು ಕದಲದು. ಕಡೆಗೆ ಆತನು ತುಸುವೇ ಕೊಂಕಿಸಲು ಸೈನಿಕರೆಲ್ಲ ಒಬ್ಬರ ಮೇಲೊಬ್ಬರು ಉರುಳುತ್ತಾರೆ! ಪಿಸುಮಾತು ಅಲ್ಲಿಗೇ ಅಡಗುತ್ತದೆ. ಪೂರ್ವಪುರಾಣಗಳಲ್ಲಿ ಸೋದರರು ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಹೋರಾಡಿದರೆ, ಇಲ್ಲಿ ಭರತನು ನಯನುಡಿಯಿಂದಲೇ ತಮ್ಮನ ಮನಸ್ಸನ್ನು ಗೆಲ್ಲುತ್ತಾನೆ, ಯುದ್ಧವೇ ನಡೆಯುವುದಿಲ್ಲ.

ಇಂತಹ ಸ್ವಾತಂತ್ರ್ಯವು ಕವಿಗೆ ಸುಲಭವಾಗಿ ದಕ್ಕಲಿಲ್ಲವೆಂದು ಐತಿಹ್ಯವಿದೆ. 19ನೆಯ ಶತಮಾನದ ದೇವಚಂದ್ರನು ರಾಜಾವಳೀಕಥೆಯಲ್ಲಿ ಹೇಳುವಂತೆ, ತನ್ನ ಗ್ರಂಥವನ್ನು ಆನೆಯ ಮೇಲೆ ಮೆರವಣಿಗೆ ಮಾಡಿಸಬೇಕೆಂದು ರತ್ನಾಕರನು ಬೇಡಲು, ಕೆಲವು ಪದ್ಯಗಳು ಶಾಸ್ತ್ರವಿರುದ್ಧವೆಂದು ಭಟ್ಟಾರಕರು ಒಪ್ಪಲಿಲ್ಲ. ವಿವಾದವು ಬೆಳೆದು ಶ್ರಾವಕರ ಮನೆಗಳಲ್ಲಿ ಭಿಕ್ಷೆಯೂ ನಿಂತಿತು. ನೊಂದ ಕವಿಯು ಲಿಂಗವನ್ನು ಧರಿಸಿ ವೀರಶೈವನಾದನಂತೆ. ಕೆಲಕಾಲದ ಮೇಲೆ ಮರಳಿ ಜೈನನಾದನಂತೆ. ವಿದ್ವಾಂಸರೆಲ್ಲರೂ ಇದನ್ನು ನಂಬುವುದಿಲ್ಲ. ಆದರೂ ಶಿವಭಕ್ತರಿಗೆ ಈ ಕವಿಯು ಪರಕೀಯನೆನಿಸದಿರುವುದು ಈ ಕಥೆಯಿಂದಲೇ.

ಆನೆಯೇರದ ಆ ಗ್ರಂಥವು ಓಲೆಯಿಂದ ಓಲೆಗೆ ಪ್ರತಿಯಾಗಿ, ಮನೆಮನೆಗಳಲ್ಲಿ ರಾಗವಾಗಿ ಹಾಡಲ್ಪಟ್ಟಿತು.