ತಿರುಪಿಗೆ ಅಳತೆ ಕೊಟ್ಟ ವಿಟ್‌ವರ್ತ್

ಕಾರಿನ ಎಂಜಿನ್ನಿನಲ್ಲಿ ಬೋಲ್ಟಿನ ಥ್ರೆಡ್ಡು ಕಿತ್ತುಹೋದರೆ ಮೆಕ್ಯಾನಿಕ್ಕನು ರಂಧ್ರವನ್ನು ಹಿಗ್ಗಿಸಿ, ಟ್ಯಾಪಿನಿಂದ ಹೊಸ ಥ್ರೆಡ್ಡು ತೆಗೆದು, ಅಂಗಡಿಯಿಂದ ತಂದ ದಪ್ಪ ಬೋಲ್ಟನ್ನು ಕೂಡಿಸುತ್ತಾನೆ. ಎಲ್ಲಿಯೋ ಮಾಡಿದ ಬೋಲ್ಟು ಇಲ್ಲಿ ಹೊಂದುವುದನ್ನು ಕಂಡಾಗಲೆಲ್ಲ ನಾನು ಜೋಸೆಫ್ ವಿಟ್‌ವರ್ತನನ್ನು ನೆನೆಯುತ್ತೇನೆ.

1803ರಲ್ಲಿ ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ಜನಿಸಿದ ಈತನು ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್ಲೆಯ ಬಳಿ ಪಳಗಿ, 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಾರ್ಖಾನೆ ತೆರೆದನು. ಆಗ ಕಾರ್ಖಾನೆಗೊಂದು ಬಗೆಯ ತಿರುಪು. ಒಂದರ ಬೋಲ್ಟು ಮತ್ತೊಂದರ ನಟ್ಟಿಗೆ ಹೊಂದದು. ವಿಟ್‌ವರ್ತನು ಹಲವು ಕಾರ್ಖಾನೆಗಳ ತಿರುಪುಗಳನ್ನು ತರಿಸಿ, ಅಳೆದು, ಸರಾಸರಿ ಕಂಡುಹಿಡಿದು, 1841ರಲ್ಲಿ 55 ಡಿಗ್ರಿ ಕೋನದ ಒಂದೇ ಕ್ರಮವನ್ನು ಮುಂದಿಟ್ಟನು. ರೈಲ್ವೆಗಳು ಅದನ್ನು ಒಪ್ಪಿದವು.

1868ರಲ್ಲಿ ಯಂತ್ರಶಿಲ್ಪದ ವಿದ್ಯಾರ್ಥಿಗಳಿಗೆ ವೇತನಗಳನ್ನು ಸ್ಥಾಪಿಸಿದ ಆತನು 1887ರಲ್ಲಿ ತೀರಿಕೊಂಡನು. ಇಂದಿನ ಕಾರುಗಳಲ್ಲಿ ಬಹುಮಟ್ಟಿಗೆ 60 ಡಿಗ್ರಿಯ ಮೆಟ್ರಿಕ್ ಥ್ರೆಡ್ಡೇ ಇದ್ದರೂ, ಕೆಟ್ಟ ಬೋಲ್ಟಿಗೆ ಬದಲು ಬೋಲ್ಟು ದೊರೆಯುವ ಅನುಕೂಲಕ್ಕೆ ದಾರಿ ತೋರಿದವನು ಅವನೆಂದೇ ನನ್ನ ಭಾವನೆ.