‘ನಾಲ್ಕು ಜನ ಏನೆಂದಾರು’ ಎಂಬ ಅಂಜಿಕೆ ಗೆದ್ದ ಕುದ್ಮುಲ್ ರಂಗರಾಯರು

ಮನಸ್ಸಿಗೆ ಸರಿ ಎನಿಸಿದ್ದನ್ನು ಮಾಡುವವರಿಗಿಂತ ನಾಲ್ಕು ಜನ ಒಪ್ಪುವುದನ್ನು ಮಾಡುವವರೇ ಹೆಚ್ಚು. ಅಸ್ಪೃಶ್ಯತೆಯಂಥ ಅನಿಷ್ಟ ಶತಮಾನಗಳ ಕಾಲ ಬಾಳಿದ್ದಕ್ಕೆ ಈ ಅಂಜಿಕೆಯೂ ಒಂದು ಕಾರಣ. ಅದನ್ನು ಮೀರಿ ನಿಂತು, ಒಂದು ಊರಿನ ಮನಸ್ಸನ್ನೇ ನಿಧಾನವಾಗಿ ತಿದ್ದಿದವರು ದಲಿತೋದ್ಧಾರಕ ಕುದ್ಮುಲ್ ರಂಗರಾಯರು.

1859ರ ಜೂನ್ 29ರಂದು ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ರಂಗರಾಯರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದರು. ಶಿಕ್ಷಕರಾಗಿ ದುಡಿಯುತ್ತಲೇ ಓದಿ ವಕೀಲರಾದರು. ಬಡವರ ಪರ ವಾದಿಸುವ ವಕೀಲರೆಂದು ಹೆಸರಾದರು. ಮಂಗಳೂರಿನಲ್ಲಿ 1870ರಲ್ಲಿ ಆರಂಭವಾಗಿದ್ದ ಬ್ರಹ್ಮಸಮಾಜದ ವಿಚಾರಗಳು ಅವರನ್ನು ಸೆಳೆದವು. ಸಹವಾಸದ ಪ್ರಭಾವ ಕೆಟ್ಟದ್ದಕ್ಕಷ್ಟೇ ಅಲ್ಲ, ಒಳ್ಳೆಯದಕ್ಕೂ ದಾರಿಯಾಗುತ್ತದೆ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಮೇಲ್ಜಾತಿಯವರ ವಿರೋಧದಿಂದಾಗಿ ಶಾಲೆಯನ್ನು ಬೇರೆಡೆಗೆ ಒಯ್ಯಬೇಕಾಯಿತು. ಸ್ವಂತ ಸಮಾಜವೇ ಅವರ ಕುಟುಂಬಕ್ಕೆ ಬಹಿಷ್ಕಾರ ಹಾಕಿತು. ಕ್ಷೌರಿಕರು, ಅಗಸರು ಕೂಡ ಅವರ ಮನೆಯ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದರು ಎನ್ನುತ್ತಾರೆ. ಅವರಿಗೆ ರಾಯರ ಮೇಲೆ ಹಗೆಯೇನೂ ಇರಬೇಕಾಗಿರಲಿಲ್ಲ. ಉಳಿದ ಮನೆಗಳ ಕೆಲಸ ಎಲ್ಲಿ ತಪ್ಪುವುದೋ ಎಂಬ ಭಯವೇ ಸಾಕಿತ್ತು. ಬಹಿಷ್ಕಾರದ ಬಲ ಇರುವುದೇ ಇಂಥ ಭಯದಲ್ಲಿ.

ಪಾಠ ಹೇಳಲು ಮೇಲ್ಜಾತಿಯ ಶಿಕ್ಷಕರು ಒಪ್ಪದಿದ್ದಾಗ ರಾಯರು ಕ್ರೈಸ್ತ ಶಿಕ್ಷಕರ ನೆರವು ಪಡೆದರು. ಮಕ್ಕಳನ್ನು ಶಾಲೆಗೆ ಕರೆತರುವುದು ಇನ್ನೂ ಕಷ್ಟದ ಕೆಲಸವಾಗಿತ್ತು. ಅಕ್ಷರ ನಿಮಗಲ್ಲ ಎಂದು ತಲೆತಲಾಂತರದಿಂದ ಕೇಳಿ ಕೇಳಿ ಹೆತ್ತವರೂ ಅದನ್ನೇ ನಂಬಿದ್ದರು. ಮಗು ಶಾಲೆಗೆ ಹೋದರೆ ಮನೆಗೆ ದುಡಿಮೆಯ ನಷ್ಟ ಬೇರೆ. ರಾಯರು ಬರೀ ಉಪದೇಶ ಮಾಡುತ್ತ ಕೂರಲಿಲ್ಲ. ಮಕ್ಕಳಿಗೆ ಮಧ್ಯಾಹ್ನದ ಊಟ ಕೊಟ್ಟರು, ಹೆತ್ತವರಿಗೆ ದಿನಕ್ಕೆ ಎರಡು ಪೈಸೆಯಂತೆ ಕೊಟ್ಟರು. ಒಂದು ಮನೆಯ ಮಗು ಶಾಲೆಗೆ ಹೊರಟರೆ ಪಕ್ಕದ ಮನೆಯವರಿಗೂ ಧೈರ್ಯ ಬರುತ್ತಿತ್ತು.

1897ರಲ್ಲಿ ಅವರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಕಂಕನಾಡಿ, ಬೋಳೂರು, ಅತ್ತಾವರ, ಉಳ್ಳಾಲ, ಮುಲ್ಕಿ, ಉಡುಪಿಗಳಲ್ಲೂ ಶಾಲೆಗಳು ತೆರೆದವು. ನೇಯ್ಗೆ, ಬಡಗಿ ಕೆಲಸದ ತರಬೇತಿ ಶುರುವಾಯಿತು. ಮನೆ ಕಟ್ಟಿಕೊಳ್ಳಲು ದಲಿತರಿಗೆ ಜಾಗ ದೊರೆಯಿತು. ಸ್ಥಳೀಯ ಆಡಳಿತದಲ್ಲಿ ಅವರಿಗೆ ಪ್ರಾತಿನಿಧ್ಯ ದೊರಕಿಸಲೂ ರಾಯರು ಶ್ರಮಿಸಿದರು. ಇದೇ ಧ್ಯೇಯದ, ಇದೇ ಬಗೆಯ ಹೆಸರಿನ ಸಂಸ್ಥೆಯನ್ನು ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಆರಂಭಿಸಿದ್ದು 1906ರಲ್ಲಿ, ಅಂದರೆ ಒಂಬತ್ತು ವರ್ಷಗಳ ನಂತರ.

ಹೇಳಿದ್ದನ್ನು ರಾಯರು ಮನೆಯಲ್ಲೂ ನಡೆಸಿ ತೋರಿಸಿದರು. ಮಗಳು ರಾಧಾಬಾಯಿಯವರ ವಿವಾಹ 1912ರಲ್ಲಿ ಜಾತಿಯ ಹೊರಗೆ, ತಮಿಳುನಾಡಿನ ಜಮೀನ್ದಾರ ಮನೆತನದ ಡಾ. ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು. ಸುಬ್ಬರಾಯನ್ 1926ರಲ್ಲಿ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತೀಯ ಮಹಿಳೆಯರ ಪ್ರತಿನಿಧಿಯಾಗಿದ್ದರು. ಅವರ ಮಗ ಜನರಲ್ ಪಿ. ಪಿ. ಕುಮಾರಮಂಗಲಂ 1966ರಲ್ಲಿ ಭೂಸೇನೆಯ ಮುಖ್ಯಸ್ಥರಾದರು.

ಕೊನೆಗಾಲದಲ್ಲಿ ಸನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದ ರಾಯರು 1928ರ ಜನವರಿ 30ರಂದು ನಿಧನರಾದರು. ತಮ್ಮ ಅಂತ್ಯಸಂಸ್ಕಾರ ದಲಿತರ ಕೈಯಿಂದಲೇ ಆಗಬೇಕೆಂಬುದು ಅವರ ಕೊನೆಯ ಆಸೆಯಾಗಿತ್ತು. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಸಾಗುವಾಗ ಅದರ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂದು ಅವರು ಭಾವಿಸಿದ್ದರು.

ಒಂದು ಕಾಲಕ್ಕೆ ಅವರನ್ನು ದೂರವಿಟ್ಟ ಮಂಗಳೂರಿನ ಪುರಭವನಕ್ಕೆ ಇಂದು ಅವರದೇ ಹೆಸರಿದೆ. ನಾಲ್ಕು ಜನರ ಮಾತಿಗೆ ಊರೇ ಬಾಗುವುದು ನಿಜ; ಆದರೆ ಒಬ್ಬನು ಗಟ್ಟಿಯಾಗಿ ನಿಂತರೆ ಆ ನಾಲ್ಕು ಜನರ ಮಾತೂ ಬದಲಾಗುತ್ತದೆ. ಸಂಘ ಸಂಸ್ಥೆಗಳಲ್ಲಿ ದುಡಿಯುವವರು ನೆನಪಿಡಬೇಕಾದ ಪಾಠವಿದು.